ಬೇಕೆಂದು ಮಾಡದ ಕೆಲಸವನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಸೀನುವುದು, ಬಿಕ್ಕಳಿಸುವುದು, ಎಡವುವುದು, ಬೆಚ್ಚಿಬೀಳುವುದು, ಮರೆಯುವುದು, ನಿದ್ದೆಯಲ್ಲಿ ಕನವರಿಸುವುದು, ಬಾಯಿ ತಪ್ಪಿ ಗುಟ್ಟು ಹೊರಬೀಳುವುದು ಇವೆಲ್ಲವೂ ಮನುಷ್ಯರಿಂದಲೇ ನಡೆಯುತ್ತವೆಯಾದರೂ ಯಾರೂ ಇವನ್ನು ಮಾಡಬೇಕೆಂದು ಮಾಡುವುದಿಲ್ಲ. ಕಥೆಯಲ್ಲಿ, ವರದಿಯಲ್ಲಿ, ಪತ್ರದಲ್ಲಿ, ಅನುವಾದದಲ್ಲಿ ಇಂತಹ ಕ್ರಿಯೆಯೊಂದು ಎದುರಾದಾಗ ಹಲವರು ‘ಅನೈಚ್ಛಿಕವಾಗಿ’ ಅಥವಾ ‘ಅನುದ್ದೇಶಿತವಾಗಿ’ ಎಂಬ ಭಾರವಾದ ಪದವೊಂದನ್ನು ನಡುವೆ ಇಟ್ಟು, ಉಳಿದ ವಾಕ್ಯವನ್ನೆಲ್ಲ ಬೇಕೆಂದೇ ಮಾಡಿದ ಕೆಲಸದ ಧಾಟಿಯಲ್ಲಿ ಬರೆದುಬಿಡುತ್ತಾರೆ. ‘ಅವಳು ಅನೈಚ್ಛಿಕವಾಗಿ ತನ್ನ ಕೈಗಳನ್ನು ನಡುಗಿಸಿದಳು’ ಎಂಬ ವಾಕ್ಯವನ್ನು ಓದಿದವರಿಗೆ ಆಕೆ ನಟಿಸುತ್ತಿದ್ದಾಳೇನೋ ಎಂದು ಅನಿಸುತ್ತದೆ. ‘ಅವಳ ಕೈ ನಡುಗಿತು’ ಎಂದರೆ ಸಾಕು. ಇಚ್ಛೆ ಇರಲಿಲ್ಲವೆಂಬುದು ಆ ಮೂರು ಪದಗಳಲ್ಲೇ ಸಂಪೂರ್ಣವಾಗಿ ಬಂದಿದೆ. ಕನ್ನಡದಲ್ಲಿ ಇಚ್ಛೆ ಇತ್ತೋ ಇಲ್ಲವೋ ಎಂಬುದನ್ನು ತಿಳಿಸುವ ಹೊಣೆಯನ್ನು ಮೊದಲು ಕ್ರಿಯಾಪದ, ಆಮೇಲೆ ವಿಭಕ್ತಿ, ಆಮೇಲೆ ಕ್ರಿಯಾಪದದ ಬೆನ್ನಿಗೆ ಸೇರುವ ಸಹಾಯಕ ಕ್ರಿಯೆ ಹೊರುತ್ತವೆ. ‘ಅನೈಚ್ಛಿಕವಾಗಿ’ಯಂತಹ ಪದಗಳ ಸರದಿ ಬರುವುದು ಈ ಮೂರೂ ಸಾಲದೆ ಹೋದಾಗ ಮಾತ್ರ. ಈ ಬರಹವೂ ಅದೇ ಕ್ರಮದಲ್ಲಿ ಮುಂದುವರಿಯುತ್ತದೆ.

ಏನು ಇರಲಿಲ್ಲ ಎಂಬುದನ್ನು ಮೊದಲು ಗುರುತಿಸಿ

ಪದ ಹುಡುಕುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಆ ಕ್ರಿಯೆಯಲ್ಲಿ ಕೊರತೆಯಾದದ್ದು ಅರಿವೋ, ಉದ್ದೇಶವೋ, ಆಯ್ಕೆಯೋ? ನಿದ್ದೆಯಲ್ಲಿ ಮಾತನಾಡಿದವನಿಗೆ ತಾನು ಮಾತನಾಡುತ್ತಿದ್ದೇನೆ ಎಂಬ ಅರಿವೇ ಇರುವುದಿಲ್ಲ. ಕಾಲು ಜಾರಿ ಬಿದ್ದವನಿಗೆ ಬೀಳುತ್ತಿರುವುದು ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಬೀಳುವ ಉದ್ದೇಶ ಇರಲಿಲ್ಲ. ಬೆದರಿಕೆಗೆ ಮಣಿದು ಕಾಗದಕ್ಕೆ ಸಹಿ ಹಾಕಿದವನಿಗೆ ಅರಿವೂ ಇತ್ತು, ಸಹಿ ಹಾಕುವ ಉದ್ದೇಶವೂ ಇತ್ತು. ಇಲ್ಲದಿದ್ದದ್ದು ಬೇರೆ ದಾರಿ. ಈ ಮೂರನ್ನೂ ಒಂದೇ ಪದದಲ್ಲಿ ಹೇಳಹೊರಟರೆ ಓದುಗರಿಗೆ ಸಂಗತಿ ತಪ್ಪಾಗಿ ತಲುಪುತ್ತದೆ. ಸಹಿ ಹಾಕಿದವನ ಬಗ್ಗೆ ‘ಅರಿಯದೆ ಸಹಿ ಹಾಕಿದ’ ಎಂದು ಬರೆದರೆ ಅವನು ಕಾಗದವನ್ನು ಓದದೆ ಸಹಿ ಹಾಕಿದನೆಂಬ ಅರ್ಥ ಬರುತ್ತದೆ, ಬೆದರಿಕೆ ಹಾಕಿದವರು ವಾಕ್ಯದಿಂದ ಮಾಯವಾಗುತ್ತಾರೆ.

ಅರಿವಿಲ್ಲದ ಕ್ರಿಯೆಗೆ ‘ಅರಿವಿಲ್ಲದೆ’, ‘ತನಗೇ ತಿಳಿಯದಂತೆ’, ‘ಮೈಮರೆತು’, ‘ನಿದ್ದೆಗಣ್ಣಿನಲ್ಲಿ’ ಹೊಂದುತ್ತವೆ. ಉದ್ದೇಶವಿಲ್ಲದ್ದಕ್ಕೆ ‘ಅಕಸ್ಮಾತ್ತಾಗಿ’, ‘ಕೈತಪ್ಪಿ’, ‘ಬಾಯಿತಪ್ಪಿ’, ‘ಕಣ್ತಪ್ಪಿನಿಂದ’, ‘ಅಚಾತುರ್ಯದಿಂದ’ ಇವೆ. ಆಯ್ಕೆಯಿಲ್ಲದ್ದಕ್ಕೆ ‘ವಿಧಿಯಿಲ್ಲದೆ’, ‘ಗತ್ಯಂತರವಿಲ್ಲದೆ’, ‘ಒತ್ತಾಯಕ್ಕೆ ಕಟ್ಟುಬಿದ್ದು’, ‘ಒಲ್ಲದ ಮನಸ್ಸಿನಿಂದ’ ಎಂಬ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ‘ಒಲ್ಲದ ಮನಸ್ಸಿನಿಂದ’ ಎಂಬುದು ಉಳಿದವುಗಳಿಗಿಂತ ಸ್ವಲ್ಪ ಬೇರೆ. ಮನಸ್ಸು ಒಪ್ಪಿರಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಬೇರೆ ದಾರಿ ಇರಲೇ ಇಲ್ಲವೆಂದು ಹೇಳುವುದಿಲ್ಲ.

ಅಭ್ಯಾಸಬಲದಿಂದ ನಡೆಯುವ ಕ್ರಿಯೆಗಳು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ಮನೆಯ ಬೀಗ ಹಾಕಿ ಹೊರಟವನಿಗೆ ನಾಲ್ಕು ಹೆಜ್ಜೆ ನಡೆದ ಮೇಲೆ ಬೀಗ ಹಾಕಿದ ನೆನಪೇ ಇರುವುದಿಲ್ಲ. ಗಮನ ಅಲ್ಲಿರಲಿಲ್ಲ, ಆದರೆ ಕೈ ಒಂದು ಕಾಲದಲ್ಲಿ ಬೇಕೆಂದೇ ಕಲಿತ ಕೆಲಸವನ್ನೇ ಮಾಡಿತು. ಇಲ್ಲಿ ‘ಅಕಸ್ಮಾತ್ತಾಗಿ ಬೀಗ ಹಾಕಿದ’ ಎಂದರೆ ತಪ್ಪು; ‘ಯಾಂತ್ರಿಕವಾಗಿ’ ಅಥವಾ ‘ರೂಢಿಬಲದಿಂದ’ ಎಂದರೆ ಸರಿ.

ಕ್ರಿಯಾಪದವನ್ನು ಪರೀಕ್ಷಿಸುವ ಬಗೆ

ಒಂದು ಕ್ರಿಯಾಪದ ತನ್ನೊಳಗೇ ಇಚ್ಛೆಯನ್ನು ಇಟ್ಟುಕೊಂಡಿದೆಯೇ ಎಂದು ತಿಳಿಯಲು ಅದನ್ನು ಆಜ್ಞೆಯ ರೂಪದಲ್ಲಿ ಹೇಳಿ ನೋಡುವುದು ಒಳ್ಳೆಯ ಉಪಾಯ. ‘ನಡೆ’, ‘ಬರೆ’, ‘ಮಲಗು’ ಎಂದು ಯಾರಿಗಾದರೂ ಹೇಳಬಹುದು. ‘ಎಡವು’, ‘ಬೆಚ್ಚು’, ‘ತೂಕಡಿಸು’ ಎಂದು ಹೇಳಿದರೆ ಕೇಳಿದವರು ಗಲಿಬಿಲಿಗೊಳ್ಳುತ್ತಾರೆ. ನಿಷೇಧದ ರೂಪದಲ್ಲಿ ಇವೇ ಪದಗಳು ಸಲೀಸಾಗಿ ನಿಲ್ಲುತ್ತವೆ: ‘ಎಡವಬೇಡ’, ‘ಬೀಳಬೇಡ’, ‘ಹೆದರಬೇಡ’. ಆದರೆ ಅರ್ಥವನ್ನು ಗಮನಿಸಿ. ‘ಓಡಬೇಡ’ ಎಂಬುದು ತಡೆ. ‘ಎಡವಬೇಡ’ ಎಂಬುದು ಎಚ್ಚರಿಕೆ. ಬೇಕೆಂದು ಮಾಡದ ಕೆಲಸವನ್ನು ನಿಷೇಧಿಸಲು ಆಗುವುದಿಲ್ಲವಾದ್ದರಿಂದ ಭಾಷೆ ಅದನ್ನು ಎಚ್ಚರಿಕೆಯನ್ನಾಗಿ, ಕೆಲವೊಮ್ಮೆ ಸಾಂತ್ವನವನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ಸಂಭಾಷಣೆ ಬರೆಯುವವರು ಈ ವ್ಯತ್ಯಾಸವನ್ನು ಕಿವಿಯಲ್ಲಿಟ್ಟುಕೊಂಡಿದ್ದರೆ ಒಳ್ಳೆಯದು.

‘ಬೇಕೆಂದೇ’ ಎಂಬ ಪದವನ್ನು ಕ್ರಿಯಾಪದದ ಮುಂದೆ ಸೇರಿಸುವುದು ಇನ್ನೊಂದು ಪರೀಕ್ಷೆ. ‘ಬೇಕೆಂದೇ ಕೆಮ್ಮಿದ’ ಎಂಬುದು ಅರ್ಥವಾಗುತ್ತದೆ. ಯಾರದೋ ಗಮನ ಸೆಳೆಯಲು ಕೆಮ್ಮಿದ್ದಾನೆ. ‘ಬೇಕೆಂದೇ ಬೆವರಿದ’ ಎಂಬುದು ಅರ್ಥವಾಗುವುದಿಲ್ಲ. ಅಂದರೆ ಕೆಮ್ಮು, ಉಸಿರು, ಕಣ್ಣು ಮಿಟುಕಿಸುವುದು ಇವು ಎರಡೂ ಕಡೆಗೆ ಸೇರಬಲ್ಲವು. ಬೆವರು, ರೋಮಾಂಚನ, ಎದೆಬಡಿತ ಇವು ಸೇರಲಾರವು. ದೇಹದ ರಚನೆಯೂ ಹೀಗೆಯೇ ಇದೆ. ಹೃದಯ ಮತ್ತು ಕರುಳಿನ ಸ್ನಾಯುಗಳು ಅನೈಚ್ಛಿಕ ಸ್ನಾಯುಗಳು, ನಮ್ಮ ಅಪ್ಪಣೆಗೆ ಕಾಯದೆ ಕೆಲಸ ಮಾಡುತ್ತವೆ. ಉಸಿರಾಟ ಮಾತ್ರ ತನ್ನಷ್ಟಕ್ಕೆ ನಡೆಯುತ್ತಿದ್ದರೂ ಸ್ವಲ್ಪ ಹೊತ್ತು ನಾವು ಅದನ್ನು ಬಿಗಿಹಿಡಿಯಬಹುದು. ಬಿಸಿ ಪಾತ್ರೆ ಮುಟ್ಟಿದಾಗ ಕೈ ಹಿಂದಕ್ಕೆ ಬರುವಂತಹ ಪರಾವರ್ತಿತ ಪ್ರತಿಕ್ರಿಯೆಯಲ್ಲಿ ಆಜ್ಞೆ ಬೆನ್ನುಹುರಿಯಿಂದಲೇ ಹೊರಡುವುದರಿಂದ, ನೋವಿನ ಅರಿವು ಮೂಡುವ ಮುಂಚೆಯೇ ಕೈ ಸರಿದಿರುತ್ತದೆ. ಆ ಕ್ಷಣವನ್ನು ‘ಬಿಸಿಯೆನಿಸಿ ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡನು’ ಎಂದು ಬರೆದರೆ ಕ್ರಮವೇ ತಲೆಕೆಳಗಾಗುತ್ತದೆ. ‘ಮುಟ್ಟಿದ್ದೇ ತಡ ಕೈ ಚಕ್ಕನೆ ಹಿಂದೆ ಸರಿಯಿತು, ಆಮೇಲೆ ಉರಿ ಗೊತ್ತಾಯಿತು’ ಎಂಬುದು ನಡೆದದ್ದಕ್ಕೆ ನಿಷ್ಠವಾದ ಬರವಣಿಗೆ. ‘ಚಕ್ಕನೆ’, ‘ಥಟ್ಟನೆ’, ‘ಪಕ್ಕನೆ’, ‘ಗಕ್ಕನೆ’ ಎಂಬ ಅನುಕರಣದ ಮಾತುಗಳು ಕೂಡ, ಮನಸ್ಸು ನಡುವೆ ಬರಲು ಸಮಯವಿರಲಿಲ್ಲ ಎಂಬುದನ್ನು ಯಾವ ಸಂಸ್ಕೃತ ಪದಕ್ಕಿಂತಲೂ ಚೆನ್ನಾಗಿ ತಿಳಿಸುತ್ತವೆ.

ಜೋಡಿ ಕ್ರಿಯಾಪದಗಳು ಇರುವಲ್ಲಿ ಆಯ್ಕೆ ಸುಲಭ. ‘ಬೀಳು’ ಮತ್ತು ‘ಬೀಳಿಸು’, ‘ಮುಳುಗು’ ಮತ್ತು ‘ಮುಳುಗಿಸು’, ‘ತಪ್ಪು’ ಮತ್ತು ‘ತಪ್ಪಿಸು’ ಇವುಗಳಲ್ಲಿ ‘ಇಸು’ ಪ್ರತ್ಯಯ ಸೇರಿದ್ದು ಸಾಮಾನ್ಯವಾಗಿ ಯಾರೋ ಮಾಡಿದ ಕೆಲಸ, ಸೇರದಿದ್ದದ್ದು ಆದ ಕೆಲಸ. ‘ಕಣ್ತಪ್ಪಿ’ ಎಂದರೆ ಗಮನಕ್ಕೆ ಬಾರದೆ. ‘ಕಣ್ತಪ್ಪಿಸಿ’ ಎಂದರೆ ನೋಡುವವರಿಗೆ ಮೋಸ ಮಾಡಿ. ಒಂದು ‘ಇಸು’ವಿನಿಂದ ಅಮಾಯಕ ಕಳ್ಳನಾಗುತ್ತಾನೆ. ಆದರೆ ‘ಇಸು’ ಕಂಡಲ್ಲೆಲ್ಲ ಉದ್ದೇಶವಿದೆಯೆಂದು ತಿಳಿಯಬಾರದು. ‘ನನಗೆ ಕೇಳಿಸಿತು’, ‘ನನಗೆ ಕಾಣಿಸಿತು’, ‘ನನಗೆ ಅನಿಸಿತು’ ಇವುಗಳಲ್ಲಿ ಅದೇ ಪ್ರತ್ಯಯ ಇಚ್ಛೆಯ ಪ್ರಮೇಯವೇ ಇಲ್ಲದ ಅನುಭವವನ್ನು ಹೇಳುತ್ತದೆ. ಇಲ್ಲಿ ಇಚ್ಛೆ ಇರುವುದು ‘ಕೇಳಿದೆ’, ‘ನೋಡಿದೆ’, ‘ಅಂದುಕೊಂಡೆ’ ಎಂಬವುಗಳಲ್ಲಿ. ಪಕ್ಕದ ಕೋಣೆಯ ಮಾತನ್ನು ‘ಕೇಳಿದೆ’ ಎಂದರೆ ಕಿವಿಗೊಟ್ಟಿದ್ದೀರಿ, ‘ಕೇಳಿಸಿತು’ ಅಥವಾ ‘ಕಿವಿಗೆ ಬಿತ್ತು’ ಎಂದರೆ ನಿಮ್ಮ ತಪ್ಪೇನೂ ಇಲ್ಲ.

‘-ಗೆ’ ವಿಭಕ್ತಿಯ ಬಲ

ತನಗೆ ತಾನೇ ಬರುವ ಸ್ಥಿತಿಗಳನ್ನು ಕನ್ನಡವು ಚತುರ್ಥಿ ವಿಭಕ್ತಿಯಲ್ಲಿ ಹೇಳುತ್ತದೆ. ನನಗೆ ಹಸಿವಾಯಿತು, ಅವಳಿಗೆ ನೆನಪಾಯಿತು, ಮಗುವಿಗೆ ಎಚ್ಚರವಾಯಿತು, ಅವರಿಗೆ ಕೋಪ ಬಂತು. ವ್ಯಕ್ತಿ ಇಲ್ಲಿ ಕರ್ತೃವಿನ ಸ್ಥಾನದಿಂದ ಇಳಿದು ಅನುಭವಿಸುವವನ ಸ್ಥಾನಕ್ಕೆ ಬರುತ್ತಾನೆ. ಹಸಿವು, ನೆನಪು, ಕೋಪ ಇವೇ ಕರ್ತೃಗಳಾಗಿ ಅವನ ಬಳಿಗೆ ಬರುತ್ತವೆ. ಇದು ನಮ್ಮ ಭಾಷೆಯ ಅತ್ಯಂತ ಸೂಕ್ಷ್ಮವಾದ ಸವಲತ್ತು ಎಂದೇ ನನ್ನ ಭಾವನೆ, ಏಕೆಂದರೆ ಒಂದೇ ಅನುಭವದ ಹಲವು ಮಜಲುಗಳನ್ನು ಇದರಿಂದ ಬೇರೆಬೇರೆಯಾಗಿ ತೋರಿಸಬಹುದು.

ನಗುವನ್ನೇ ತೆಗೆದುಕೊಳ್ಳಿ. ‘ಅವಳಿಗೆ ನಗು ಬಂತು’ ಎಂದರೆ ನಗು ಒಳಗೆ ಹುಟ್ಟಿತು ಎಂದಷ್ಟೇ. ಆಕೆ ನಕ್ಕಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ‘ಅವಳಿಗೆ ನಗು ಬಂತು, ಆದರೆ ನಗಲಿಲ್ಲ’ ಎಂಬ ವಾಕ್ಯದಲ್ಲಿ ಯಾವ ವಿರೋಧವೂ ಇಲ್ಲ. ‘ಅವಳು ನಕ್ಕಳು’ ಎಂದರೆ ನಗು ಹೊರಗೆ ಬಂದಿದೆ, ಆದರೆ ಬೇಕೆಂದು ನಕ್ಕಳೋ ಬೇಡವೆಂದರೂ ಬಂತೋ ತಿಳಿಯದು. ‘ಅವಳು ಪಕ್ಕನೆ ನಕ್ಕುಬಿಟ್ಟಳು’ ಎಂದಾಗ ತಡೆಯುವ ಮುಂಚೆಯೇ ನಗು ಹೊರಬಿದ್ದಿದೆ. ‘ಅವಳಿಗೆ ನಗು ತಡೆಯಲಾಗಲಿಲ್ಲ’ ಎಂದರೆ ತಡೆಯಲು ನೋಡಿದಳು, ಸೋತಳು. ಗಂಭೀರವಾದ ಸಭೆಯೊಂದರಲ್ಲಿ ಇವುಗಳಲ್ಲಿ ಯಾವುದು ನಡೆಯಿತೆಂಬುದರ ಮೇಲೆ ಪಾತ್ರದ ಸ್ವಭಾವವೇ ನಿಲ್ಲುತ್ತದೆ, ಹಾಗಾಗಿ ಬರೆಯುವವರು ಆ ನಾಲ್ಕು ವಾಕ್ಯಗಳನ್ನೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು ಆರಿಸಬೇಕು.

ನಿದ್ದೆಯೂ ಹೀಗೆಯೇ. ಮಲಗುವುದು ನಮ್ಮ ಕೈಯಲ್ಲಿದೆ, ನಿದ್ದೆ ಬರುವುದು ಇಲ್ಲ. ‘ಹತ್ತು ಗಂಟೆಗೆ ಮಲಗಿದೆ, ಹನ್ನೆರಡಾದರೂ ನಿದ್ದೆ ಬರಲಿಲ್ಲ, ಬೆಳಗಿನ ಜಾವ ಯಾವಾಗಲೋ ಕಣ್ಣು ಹತ್ತಿತು’ ಎಂಬ ವಾಕ್ಯದಲ್ಲಿ ಮೊದಲ ಕ್ರಿಯೆ ಮಾತ್ರ ‘ನಾನು’ ಮಾಡಿದ್ದು. ಮುಂದಿನ ಎರಡರಲ್ಲಿ ‘ನಾನು’ ಎಂಬುದು ಪೂರ್ತಿಯಾಗಿ ಮರೆಯಾಗಿರುವುದನ್ನು ನೋಡಿ.

ಇದೇ ರೀತಿ ‘ನಾನು ಹೋಗಬೇಕಾಯಿತು’ ಮತ್ತು ‘ನನಗೆ ಹೋಗಬೇಕೆನಿಸಿತು’ ಎಂಬವುಗಳ ನಡುವೆ ದೊಡ್ಡ ಅಂತರವಿದೆ. ಮೊದಲನೆಯದರಲ್ಲಿ ಒತ್ತಡ ಹೊರಗಿನದು, ಆಯ್ಕೆ ಇರಲಿಲ್ಲ. ಎರಡನೆಯದರಲ್ಲಿ ಆಸೆ ಒಳಗಿನದು, ಆದರೆ ಆ ಆಸೆಯೂ ಕರೆಯದೆ ಬಂದದ್ದು.

ದೇಹದ ಅಂಗವನ್ನೇ ಕರ್ತೃವಾಗಿ ನಿಲ್ಲಿಸುವುದು ವಿಭಕ್ತಿಯ ಜೊತೆಗೇ ಕಲಿಯಬೇಕಾದ ಕ್ರಮ. ಗಂಟಲು ಕಟ್ಟಿತು, ಕಣ್ಣು ತುಂಬಿತು, ತುಟಿ ಅದುರಿತು, ಬಾಯಿ ಒಣಗಿತು, ಎದೆ ಝಲ್ಲೆಂದಿತು, ಕಾಲು ಜೋಮು ಹಿಡಿಯಿತು. ವ್ಯಕ್ತಿಯನ್ನು ‘ಅವನ’, ‘ಅವಳ’ ಎಂದು ಷಷ್ಠಿಗೆ ಸರಿಸಿದರೆ ಅಂಗ ತನ್ನಷ್ಟಕ್ಕೆ ವರ್ತಿಸುತ್ತದೆ. ಅನುವಾದ ಮಾಡುವವರು ‘ಅವನು ತನ್ನ ಕಣ್ಣುಗಳನ್ನು ತುಂಬಿಕೊಂಡನು’ ಎಂಬ ಮಾದರಿಗೆ ಹೋಗುವುದನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹೋಗು, ಹಾಕು, ಬಿಡು, ಕೊಳ್ಳು

‘ಒಡೆ’, ‘ಮುರಿ’, ‘ಹರಿ’ ಎಂಬ ಕ್ರಿಯಾಪದಗಳು ತಾವಾಗಿ ಆದದ್ದನ್ನೂ ಹೇಳುತ್ತವೆ, ಯಾರೋ ಮಾಡಿದ್ದನ್ನೂ ಹೇಳುತ್ತವೆ. ಅಲ್ಲಿ ಸಹಾಯಕ ಕ್ರಿಯೆ ತೀರ್ಪು ಕೊಡುತ್ತದೆ. ಕಾಗದ ‘ಹರಿದುಹೋಯಿತು’ ಎಂದರೆ ಯಾರ ಉದ್ದೇಶವೂ ಇಲ್ಲ. ಕಾಗದವನ್ನು ‘ಹರಿದುಹಾಕಿದ’ ಎಂದರೆ ಉದ್ದೇಶ ಖಚಿತ. ಮುರಿದುಹೋಯಿತು ಮತ್ತು ಮುರಿದುಹಾಕಿದ, ಸುಟ್ಟುಹೋಯಿತು ಮತ್ತು ಸುಟ್ಟುಹಾಕಿದ, ಒಡೆದುಹೋಯಿತು ಮತ್ತು ಒಡೆದುಹಾಕಿದ ಎಲ್ಲವೂ ಇದೇ ದಾರಿಯಲ್ಲಿವೆ. ಆದ್ದರಿಂದ ‘ಅಕಸ್ಮಾತ್ತಾಗಿ ಗಾಜನ್ನು ಒಡೆದುಹಾಕಿದ’ ಎಂದು ಬರೆದರೆ ವಾಕ್ಯದ ಎರಡು ಭಾಗಗಳು ಪರಸ್ಪರ ಜಗಳವಾಡುತ್ತವೆ.

‘ಬಿಡು’ ಇಷ್ಟು ನೇರವಲ್ಲ. ‘ಎಲ್ಲವನ್ನೂ ಹೇಳಿಬಿಟ್ಟೆ’ ಎಂಬುದು ಗಟ್ಟಿ ಮನಸ್ಸು ಮಾಡಿ ಹೇಳಿದ್ದಿರಬಹುದು, ತಡೆಯಲಾಗದೆ ಹೇಳಿದ್ದೂ ಇರಬಹುದು. ಎರಡರಲ್ಲೂ ಸಮಾನವಾಗಿರುವುದು, ಆದದ್ದನ್ನು ಇನ್ನು ಹಿಂದಕ್ಕೆ ಪಡೆಯಲಾಗದು ಎಂಬ ಭಾವ. ಹಾಗಾಗಿ ‘ಬಿಡು’ ಬಂದಲ್ಲಿ ಇನ್ನೊಂದು ಪದದ ನೆರವು ಬೇಕು: ‘ಬಾಯಿತಪ್ಪಿ ಹೇಳಿಬಿಟ್ಟೆ’, ‘ಕೊನೆಗೆ ಧೈರ್ಯ ಮಾಡಿ ಹೇಳಿಬಿಟ್ಟೆ’.

‘ಕೊಳ್ಳು’ ಇವುಗಳಲ್ಲೆಲ್ಲ ಹೆಚ್ಚು ಎಚ್ಚರ ಬೇಡುವಂಥದು. ‘ಕೈ ಸುಟ್ಟುಕೊಂಡ’, ‘ಬೀಳುವಾಗ ಕಾಲು ಮುರಿದುಕೊಂಡ’ ಎಂದು ಹೇಳಿದಾಗ ಕೇಳುವವರು ಅದನ್ನು ಅಪಘಾತವೆಂದೇ ತಿಳಿಯುತ್ತಾರೆ; ಕ್ರಿಯಾಪದ ಸಕರ್ಮಕವಾಗಿದ್ದರೂ ಉದ್ದೇಶವಿಲ್ಲ. ಆದರೆ ಸಂದರ್ಭ ಸ್ವಲ್ಪ ಬದಲಾದರೆ ಅದೇ ‘ಕೊಂಡ’ ಸ್ವಂತ ಇಚ್ಛೆಯಿಂದ ತನಗೇ ಮಾಡಿಕೊಂಡ ಹಾನಿಯಾಗಿ ಕಾಣುತ್ತದೆ. ಗಾಯದ ಬಗ್ಗೆ ವರದಿ ಬರೆಯುವವರು ‘ಕೈ ಕೊಯ್ದುಕೊಂಡರು’ ಎಂದು ಬರೆದರೆ ಓದುಗರ ಮನಸ್ಸಿನಲ್ಲಿ ಸಲ್ಲದ ಅನುಮಾನ ಹುಟ್ಟಬಹುದು, ಆ ಅನುಮಾನ ಗಾಯಗೊಂಡವರ ಮನೆಯವರನ್ನೂ ಮುಟ್ಟುತ್ತದೆ. ‘ಚಾಕು ತಗುಲಿ ಕೈಗೆ ಗಾಯವಾಯಿತು’ ಎಂಬ ವಾಕ್ಯದಲ್ಲಿ ಆ ತೊಡಕಿಲ್ಲ. ‘ತಗುಲು’, ‘ತಾಗು’, ‘ಪೆಟ್ಟಾಗು’, ‘ಸಿಕ್ಕಿಕೊಳ್ಳು’ ಎಂಬ ಪದಗಳು ಇಂತಹ ಕಡೆ ಬಹಳ ಉಪಯುಕ್ತ.

ಕರ್ಮಣಿ ಪ್ರಯೋಗದ ‘ಅಲ್ಪಡು’ ರೂಪವನ್ನು ಇಲ್ಲಿ ಬಳಸಲೇಬಾರದು. ‘ಲೋಟ ಒಡೆಯಲ್ಪಟ್ಟಿತು’ ಎಂದರೆ ಯಾರೋ ಒಡೆದಿದ್ದಾರೆ, ಹೆಸರು ಹೇಳುತ್ತಿಲ್ಲ ಎಂದಾಗುತ್ತದೆ.

‘ತಾನಾಗಿಯೇ’ ಎಂಬ ಪದದ ಎರಡು ಮುಖಗಳು

ಬೇಕೆಂದು ಮಾಡದ ಕ್ರಿಯೆಗೆ ಹಲವರು ಮೊದಲು ನೆನೆಯುವ ಪದ ‘ತಾನಾಗಿಯೇ’. ‘ಬಾಗಿಲು ತಾನಾಗಿಯೇ ತೆರೆದುಕೊಂಡಿತು’ ಎಂದರೆ ಯಾರೂ ತೆರೆಯಲಿಲ್ಲ. ಆದರೆ ‘ಅವನು ತಾನಾಗಿಯೇ ಬಂದ’ ಎಂದರೆ ಯಾರೂ ಕರೆಯದಿದ್ದರೂ ಸ್ವಂತ ಇಚ್ಛೆಯಿಂದ ಬಂದ. ವಸ್ತುವಿಗೆ ಸೇರಿದರೆ ಇಚ್ಛೆಯ ಅಭಾವವನ್ನೂ ಮನುಷ್ಯನಿಗೆ ಸೇರಿದರೆ ಇಚ್ಛೆಯ ಪೂರ್ಣತೆಯನ್ನೂ ಅದೇ ಪದ ಹೇಳುತ್ತದೆ. ‘ಆಕೆ ತಾನಾಗಿಯೇ ಎದ್ದು ನಿಂತಳು’ ಎಂದು ಬರೆದು, ಗೌರವದ ಭಾರಕ್ಕೆ ದೇಹ ತನ್ನಷ್ಟಕ್ಕೆ ಎದ್ದಿತೆಂದು ಓದುಗರು ಅರ್ಥಮಾಡಿಕೊಳ್ಳಲಿ ಎಂದು ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ‘ಆಕೆಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದಳು’ ಎಂದು ಬರೆದರೆ ಉದ್ದೇಶಿಸಿದ ಅರ್ಥ ಸಿಗುತ್ತದೆ. ‘ನಿಂತಳು’ ಎಂಬುದರ ಬದಲು ‘ನಿಂತಿದ್ದಳು’ ಎಂದದ್ದು ಕೂಡ ನೆರವಿಗೆ ಬರುತ್ತದೆ: ಆಕೆ ಗಮನಿಸುವ ಹೊತ್ತಿಗೆ ಕ್ರಿಯೆ ಮುಗಿದುಹೋಗಿದೆ.

ಹೊಣೆಯನ್ನು ಮರೆಮಾಚದಿರುವುದು

ಇಷ್ಟು ಸವಲತ್ತು ಇರುವ ಭಾಷೆಯಲ್ಲಿ ಜಾರಿಕೊಳ್ಳುವುದೂ ಸುಲಭ. ‘ತಪ್ಪು ಮಾಡಿದೆ’, ‘ನನ್ನಿಂದ ತಪ್ಪಾಯಿತು’, ‘ತಪ್ಪಾಯಿತು’, ‘ತಪ್ಪು ನಡೆದುಹೋಗಿದೆ’ ಎಂಬ ನಾಲ್ಕರಲ್ಲಿ ಮಾಡಿದವನು ಹೆಜ್ಜೆಹೆಜ್ಜೆಗೂ ಹಿಂದೆ ಸರಿಯುತ್ತಾನೆ. ನಿಜವಾಗಿಯೂ ಉದ್ದೇಶವಿಲ್ಲದೆ ಆದದ್ದಕ್ಕೆ ‘ನನ್ನಿಂದ ತಪ್ಪಾಯಿತು’ ಎಂಬುದು ಪ್ರಾಮಾಣಿಕವಾದ ಮಾತು. ಉದ್ದೇಶವಿರಲಿಲ್ಲವೆಂದೂ ಹೇಳುತ್ತದೆ, ‘ನನ್ನಿಂದ’ ಎಂದು ಹೊಣೆಯನ್ನೂ ಒಪ್ಪುತ್ತದೆ. ಬೇಕೆಂದೇ ಮಾಡಿದ್ದಕ್ಕೆ ಅದನ್ನು ಬಳಸಿದರೆ ಕ್ಷಮೆ ಕೇಳಿದಂತಾಗುವುದಿಲ್ಲ.

ಒಂದು ಪತ್ರದ ಸಾಲನ್ನು ನೋಡೋಣ. ‘ನಿಮ್ಮ ಅರ್ಜಿಯನ್ನು ಕಳಿಸುವುದು ಮರೆತುಹೋಯಿತು, ಅದರಿಂದ ನಿಮಗೆ ತೊಂದರೆಯಾಗಿದೆ, ವಿಷಾದವಿದೆ.’ ಈ ಸಾಲಿನಲ್ಲಿ ಮನುಷ್ಯನೇ ಇಲ್ಲ. ಮರೆವು ತಾನೇ ಹೋಯಿತು, ತೊಂದರೆ ತಾನೇ ಆಯಿತು, ವಿಷಾದ ಎಲ್ಲೋ ಇದೆ. ಮರೆವು ನಿಜವಾಗಿಯೂ ಉದ್ದೇಶವಿಲ್ಲದ್ದೇ ಆದ್ದರಿಂದ ‘ಮರೆತುಹೋಯಿತು’ ಎಂಬುದು ಸುಳ್ಳಲ್ಲ, ಆದರೆ ನೆನಪಿಟ್ಟುಕೊಳ್ಳುವ ಕರ್ತವ್ಯ ಬರೆದವರದೇ ಆಗಿತ್ತು. ‘ನಿಮ್ಮ ಅರ್ಜಿಯನ್ನು ಕಳಿಸುವುದನ್ನು ನಾನು ಮರೆತೆ, ಅದರಿಂದ ನಿಮಗೆ ತೊಂದರೆಯಾಯಿತು, ದಯವಿಟ್ಟು ಕ್ಷಮಿಸಿ’ ಎಂದು ಬದಲಿಸಿದಾಗ ತೊಂದರೆ ಮಾತ್ರ ಆದದ್ದಾಗಿ ಉಳಿದು, ಮರೆತದ್ದು ‘ನಾನು’ ಎಂಬವನ ಲೆಕ್ಕಕ್ಕೆ ಬರುತ್ತದೆ.

ದೂರು, ವರದಿ, ಹೇಳಿಕೆಗಳನ್ನು ಬರೆಯುವಾಗ ಈ ಪದಗಳಿಗೆ ಕಾನೂನಿನ ತೂಕವೂ ಸೇರುತ್ತದೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು ಉದ್ದೇಶವಿಲ್ಲದ ಕೃತ್ಯಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟುವುದಿಲ್ಲ. ನ್ಯಾಯಸಮ್ಮತವಾದ ಕೆಲಸವನ್ನು ತಕ್ಕ ಎಚ್ಚರಿಕೆಯಿಂದ ಮಾಡುತ್ತಿರುವಾಗ ಅಪರಾಧದ ಉದ್ದೇಶವಾಗಲಿ ತಿಳಿವಳಿಕೆಯಾಗಲಿ ಇಲ್ಲದೆ ಆಕಸ್ಮಿಕವಾಗಿ ನಡೆದದ್ದು ಅಪರಾಧವಲ್ಲ ಎನ್ನುತ್ತದೆ ಅದರ 18ನೇ ಸೆಕ್ಷನ್. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದು 106ನೇ ಸೆಕ್ಷನ್‌ನ ಪ್ರಕಾರ ಶಿಕ್ಷಾರ್ಹ, ಅಲ್ಲಿಯೂ ಕೊಲ್ಲುವ ಉದ್ದೇಶ ಇರುವುದಿಲ್ಲ. ಪ್ರಾಣಬೆದರಿಕೆಗೆ ಒಳಗಾಗಿ ಮಾಡಿದ ಕೃತ್ಯದ ವಿಚಾರ 32ನೇ ಸೆಕ್ಷನ್‌ನಲ್ಲಿದೆ, ಕೊಲೆಯಂತಹ ಕೃತ್ಯಗಳಿಗೆ ಆ ರಕ್ಷಣೆ ಇಲ್ಲ. ಹೀಗಿರುವಾಗ ‘ಆಕಸ್ಮಿಕವಾಗಿ’, ‘ನಿರ್ಲಕ್ಷ್ಯದಿಂದ’, ‘ಒತ್ತಾಯಕ್ಕೆ’ ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಅದಲುಬದಲು ಮಾಡುವುದು ಅಪಾಯಕರ. ಘಟನೆಯನ್ನು ಕಣ್ಣಾರೆ ಕಂಡವರು ಇವುಗಳಲ್ಲಿ ಯಾವುದನ್ನೂ ಬಳಸದೆ, ಕಂಡದ್ದನ್ನು ಮಾತ್ರ ಕಂಡ ಕ್ರಮದಲ್ಲಿ ಬರೆಯುವುದು ಕ್ಷೇಮ: ‘ಏಣಿ ಜಾರಿತು. ಮೇಲಿದ್ದವನ ಕೈಯಿಂದ ಸುತ್ತಿಗೆ ಬಿತ್ತು. ಅದು ಕೆಳಗೆ ನಿಂತವನ ಭುಜಕ್ಕೆ ತಗುಲಿತು.’ ಏಣಿಯನ್ನು ಯಾರು ಕಟ್ಟಬೇಕಾಗಿತ್ತು, ಕಟ್ಟಿದ್ದರೇ ಎಂಬುದು ಗೊತ್ತಿದ್ದರೆ ಅದನ್ನು ಮುಂದಿನ ವಾಕ್ಯದಲ್ಲಿ, ಕಟ್ಟಬೇಕಾಗಿದ್ದವರನ್ನೇ ಕರ್ತೃವಾಗಿ ಇಟ್ಟು, ಬೇರೆಯಾಗಿಯೇ ಬರೆಯಬೇಕು.